ಸೆಟ್ಟಲ್ಲಿ ಎಷ್ಟು ದೋಸೆ?

ತುಮಕೂರು ಬಿ.ಎಚ್. ರೋಡಲ್ಲಿ ನಾವು ಭಾನುವಾರ ಮಾಮೂಲಿ ಕೂರೋ ಹೋಟ್ಲು. ಮಂಜ ಸೆಟ್ ದೋಸೆ ಹೇಳಿದ್ದ, ತಟ್ಟೇಲಿ ಬಂದಿದ್ದು ಎರಡೇ.

"ಅಣ್ಣಾ, ಸೆಟ್ ಅಂದ್ರೆ ಮೂರಲ್ವಾ?"

"ರೇಟ್ ಜಾಸ್ತಿ ಮಾಡಿಲ್ಲ ಸಾರ್, ಒಂದ್ ದೋಸೆ ಕಮ್ಮಿ ಮಾಡಿದೀವಿ ಅಷ್ಟೇ" ಅಂದು ಸಪ್ಲೈಯರಣ್ಣ ಹೊಂಟೇಹೋದ.

ಗುಬ್ಬಿ ಲೋಕಿ ನಕ್ಕ. "ಅದಕ್ಕೇ ಹೇಳದು, ತಟ್ಟೆ ಇಡ್ಲಿ ತಿನ್ನು ಅಂತ, ಒಂದು ಅಂದ್ರೆ ಒಂದೇ, ಜಗಳ ಇಲ್ಲ. ಅಷ್ಟಕ್ಕೂ ಸೆಟ್ ಅಂದ್ರೆ ಲೆಕ್ಕ ಅಲ್ಲ ಕಣ್ಲಾ, ಮೊಸರು ಸೆಟ್ ಆಗುತ್ತಲ್ಲ ಹಂಗೆ ಹಿಟ್ಟು ಕಾವಲಿ ಮೇಲೆ ಮೆತ್ತಗೆ ಸೆಟ್ ಆಗುತ್ತೆ, ಅದಕ್ಕೆ ಸೆಟ್ ದೋಸೆ." ಆಗಷ್ಟೇ ಹುಟ್ಟಿಸಿದ ಥಿಯರಿ ಅಂತ ಅವನ ಮುಖ ನೋಡಿದ್ರೇ ಗೊತ್ತಾಗ್ತಿತ್ತು.

ಈಗ ಸೀನ ಎದ್ದ. ಇವನು ಕೆ-ಸೆಟ್ ಪರೀಕ್ಷೆ ಮೂರು ಸಲ ಬರೆದವನು, ಹಂಗಾಗಿ ಸೆಟ್ ಅನ್ನೋ ಪದದ ಮೇಲೆ ಅವನಿಗೆ ವೈಯಕ್ತಿಕ ದ್ವೇಷ ಇದೆ. "1989ರ ಆಕ್ಸ್‌ಫರ್ಡ್ ಡಿಕ್ಷನರಿ 20 ಸಂಪುಟ ಕಣ್ರೋ, ಅದರಲ್ಲಿ ಅತಿ ಉದ್ದದ ವಿವರಣೆ ಇರೋದೇ ಸೆಟ್ ಪದಕ್ಕೆ, 430 ಅರ್ಥ, ಸುಮಾರು 60 ಸಾವಿರ ಪದ!"

"ನಮ್ಮೂರಲ್ಲೇ ಅಷ್ಟಿದಾವೆ ಬಿಡು" ಅಂದ ಲೋಕಿ. "ಪಂಪ್‌ಸೆಟ್ಟು, ಟಿವಿ ಸೆಟ್ಟು, ಸಿನಿಮಾ ಸೆಟ್ಟು, ಸೋಫಾ ಸೆಟ್ಟು. ಹುಡುಗಿ ಸೆಟ್ ಆದ್ಲಾ ಅಂತಾರೆ, ಅತ್ತೆ ಸೊಸೆಗೆ ಸೆಟ್ ಆಗಲ್ಲ ಅಂತಾರೆ. ನಮ್ಮ ಶೆಟ್ರೂ ಅದೇ ಅಲ್ವಾ, ಅಂಗಡಿ ಸೆಟ್ ಮಾಡಿದೋರು?"

"ಥೂ, ಶೆಟ್ಟಿ ಬಂದಿದ್ದು ಶ್ರೇಷ್ಠಿ ಇಂದ!" ಸೀನನಿಗೆ ಕಾಫಿ ನೆತ್ತಿಗೇರ್ತು. "ಈಗ ಸೆಟ್‌ಗಿಂತ ರನ್ ಅನ್ನೋದು ದೊಡ್ಡದಾಗಿದೆ, ಕ್ರಿಯಾಪದ ಒಂದಕ್ಕೇ 645 ಅರ್ಥ ಮಾಡವ್ರೆ."

"ಅದೂ ಸರಿ, ಸೆಟ್ ಇದ್ದು ಏನ್ ಬಂತು, ಕರೆಂಟ್ ಇದ್ರೆ ತಾನೇ ರನ್ ಆಗದು."

ಮಂಜ ಇನ್ನೂ ತಟ್ಟೆನೇ ದಿಟ್ಟಿಸ್ತಿದ್ದ, ದುಃಖದಲ್ಲಿರೋನಿಗೆ ಭಾಷಾಶಾಸ್ತ್ರ ಹಿಡಿಸಲ್ಲ ಪಾಪ. ಸೀನ ಮಾತ್ರ ಬಿಡಲಿಲ್ಲ. ಅವನು ಹೇಳಿದ್ದು ಏನಪ್ಪಾ ಅಂದ್ರೆ ಸೆಟ್ ಒಂದು ಪದ ಅಲ್ವಂತೆ, ಬೇರೆ ಬೇರೆ ಮನೇಲಿ ಹುಟ್ಟಿ ಒಂದೇ ವೇಷ ಹಾಕ್ಕೊಂಡ ಎರಡು ಪದ ಅಂತೆ. ಇಡು, ಕೂರಿಸು ಅನ್ನೋ ಸೆಟ್ ಹಳೇ ಇಂಗ್ಲಿಷಿನ 'ಸೆಟ್ಟನ್', ಅದು ಸಿಟ್‌ಗೆ ಒಡಹುಟ್ಟು, ಸಂಸ್ಕೃತದ 'ಸದ್' ಧಾತೂನೂ ಅದೇ ವಂಶ, ಅಂದ್ರೆ ಸದನ, ಪರಿಷತ್ತು ಎಲ್ಲ ಅದರ ದಾಯಾದಿಗಳು. ಗುಂಪು ಅನ್ನೋ ಸೆಟ್ ಬಂದಿದ್ದು ಫ್ರೆಂಚ್ ದಾರೀಲಿ, ಲ್ಯಾಟಿನ್ನಿನ 'ಸೆಕ್ಟಾ' ಇಂದ, ಹಿಂಬಾಲಿಸೋದು ಅಂತ ಅರ್ಥ, ಪಂಥಕ್ಕೆ ಸೆಕ್ಟ್ ಅಂತೀವಲ್ಲ ಅದೂ ಅಲ್ಲಿಂದಲೇ. ಅದರ ಸಂಸ್ಕೃತದ ನಂಟ 'ಸಚ್', ಜೊತೇಲಿರು ಅಂತ. ಅದರಿಂದ ಬಂದಿದ್ದು ಸಚಿವ.

"ಹಂಗಾದ್ರೆ ಮೊಸರು ಸೆಟ್ ಆಗೋದು ಪರಿಷತ್ತಿನ ಕಡೆ, ಸೆಟ್ ದೋಸೆ ಸಚಿವರ ಕಡೆ" ಅಂದೆ ನಾನು.

"ಕರೆಕ್ಟ್! ಒಂದರ ಜೊತೆಗೊಂದು ಇರಬೇಕು, ಅದಕ್ಕೇ ಸೆಟ್ಟು."

"ಮತ್ತೆ ನಿನ್ನ ಕೆ-ಸೆಟ್?"

"ಅದು ಸ್ಟೇಟ್ ಎಲಿಜಿಬಿಲಿಟಿ ಟೆಸ್ಟ್ ಅನ್ನೋದರ ಮೊದಲಕ್ಷರ ಮಾರಾಯ, ಯಾರ ಸಂಬಂಧಿಕನೂ ಅಲ್ಲ. ಅದಕ್ಕೇ ಇರಬೇಕು ನನಗೂ ಆಗಿಬರ್ತಿಲ್ಲ."

ಮಂಜ ಆಗ ತಲೆ ಎತ್ತಿದ. "ಎಲ್ಲ ಸರಿ, ಇಲ್ಲಿ ಇಬ್ಬರು ಸಚಿವರು ಕೂತವ್ರೆ. ಮೂರನೆಯವನು ಎಲ್ಲಿ?"

ಲೋಕಿ ಇಡ್ಲಿ ಮೇಲಿನ ಬೆಣ್ಣೆ ಸವರ್ಕೊಂಡು ಹೇಳ್ದ: "ರೆಸಾರ್ಟಲ್ಲಿರ್ಬೇಕು, ಬಿಡು."