ಕನ್ನಡ ಈಮೇಲ್ ವಿಳಾಸ ‘ತಪ್ಪು’ ಅನ್ನುವ ಫಾರಂ: ನಮ್ಮಂಥವರು ಯಾರಿಗೆ ಹೇಳಬೇಕು?

ಸಾಗರದ ಅಂಗಡಿಯವ:
ಸಾಗರದ ಹತ್ತಿರದ ಹಳ್ಳಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಊರವರ ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಹೋದ ವರ್ಷ ಅಂಗಡಿಗೆ ಕನ್ನಡದ್ದೇ ಇಂಟರ್ನೆಟ್ ವಿಳಾಸ ಕೊಂಡೆ, ಕೊನೆಗೆ ‘.ಭಾರತ’ ಇರುವಂಥದ್ದು. ಬೋರ್ಡಿನ ಮೇಲೂ ಬರೆಸಿದೆ. ಇಂಗ್ಲಿಷ್ ಬಾರದ ಅಜ್ಜಿಯೊಬ್ಬರು ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ನನಗೆ ಕಣ್ಣು ತುಂಬಿ ಬಂತು.

ಆದರೆ ಅದೇ ಹೆಸರಿನ ಈಮೇಲನ್ನು ಒಂದು ಫಾರಂನಲ್ಲಿ ಹಾಕಿದರೆ ‘ಸರಿಯಾದ ಈಮೇಲ್ ಕೊಡಿ’ ಅಂತ ಕೆಂಪು ಅಕ್ಷರ. ಸಹಾಯವಾಣಿಗೆ ಫೋನ್ ಮಾಡಿದೆ. ‘ಇಂಗ್ಲಿಷಿನದೇ ಹಾಕಿ ಸಾರ್’ ಅಂದರು. ದುಡ್ಡು ಕೊಟ್ಟು ಕೊಂಡದ್ದು ತಪ್ಪು ವಿಳಾಸ ಹೇಗಾಗುತ್ತದೆ? ಯಾವ ಹೆಸರು ನಡೆಯುತ್ತದೆ, ಯಾವುದು ಇಲ್ಲ ಅಂತ ಯಾರೋ ಎಲ್ಲೋ ಕೂತು ತೀರ್ಮಾನ ಮಾಡುತ್ತಾರೆ ಅಲ್ವಾ? ಅಲ್ಲಿ ನಮ್ಮ ಮಾತಿಗೆ ಜಾಗ ಇದೆಯಾ?

ಅಕ್ಷರಪ್ರೇಮಿ:
ಇದರಲ್ಲಿ ಎರಡು ವಿಷಯ ಇವೆ. ನಿಮ್ಮ ವಿಳಾಸ ಸರಿಯಾಗಿಯೇ ಇದೆ. ಫಾರಂ ಬರೆದವರು ಇಂಗ್ಲಿಷ್ ಅಕ್ಷರ ಮಾತ್ರ ಬರುತ್ತದೆ ಅಂದುಕೊಂಡು ತಪಾಸಣೆ ಹಾಕಿದ್ದಾರೆ. ಅದನ್ನು ಆ ತಾಣದವರೇ ತಿದ್ದಬೇಕು.

ಹೆಸರುಗಳ ನಿಯಮ ಬೇರೆ. ‘.ಭಾರತ’ ನೋಡಿಕೊಳ್ಳುವುದು ನಮ್ಮ ದೇಶದ ನಿಕ್ಸಿ ಅನ್ನುವ ಸಂಸ್ಥೆ. ಅದಕ್ಕೂ ಮೇಲೆ, ಜಗತ್ತಿನ ಇಂಟರ್ನೆಟ್ ಹೆಸರುಗಳ ಪಟ್ಟಿ ನೋಡಿಕೊಳ್ಳುವುದು ಐಕ್ಯಾನ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ. ಚುಕ್ಕಿಯ ನಂತರದ ಹೆಸರಿನಲ್ಲಿ ಕನ್ನಡ ಹೇಗಿರಬೇಕು ಅಂತ ಹೇಳಿದ್ದು ನಿಯೋ-ಬ್ರಾಹ್ಮಿ ಸಮಿತಿ, ಅಂದರೆ ಬ್ರಾಹ್ಮಿಯಿಂದ ಬಂದ ನಮ್ಮ ಲಿಪಿಗಳನ್ನು ನೋಡಿದ ತಜ್ಞರ ಗುಂಪು. ಒಂಬತ್ತು ಲಿಪಿಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕನ್ನಡದ ಜ, ತೆಲುಗಿನ జ ನೋಡಿ. ಗೊತ್ತಿಲ್ಲದವರಿಗೆ ಒಂದೇ. ಹಾಗಾಗಿ ಒಂದೇ ಥರ ಕಾಣುವ ಎರಡು ಹೆಸರು ಇಬ್ಬರ ಪಾಲಾಗಿ ಜನ ಮೋಸಹೋಗದಂತೆ ನಿಯಮ ಮಾಡಿದರು. ಆದರೆ ‘ರ‍್ಯಾಂಕ್’ ಬರೆಯಲು ಬೇಕಾದ, ಕಣ್ಣಿಗೆ ಕಾಣದ ಜೋಡಣೆಯ ಗುರುತಿಗೆ ಅಲ್ಲಿ ಜಾಗ ಇಲ್ಲ. ಇಂಥದ್ದನ್ನು ದಿನಾ ಕನ್ನಡ ಟೈಪ್ ಮಾಡುವವರೇ ಹೇಳಬೇಕು.

ಕಡಲೂರ ಹುಡುಗ:
ಐಕ್ಯಾನ್‌ನಲ್ಲಿ ಬಳಕೆದಾರರಿಗೆ ಅಂತಲೇ ‘ಅಟ್-ಲಾರ್ಜ್’ ಅನ್ನುವ ವೇದಿಕೆ ಇದೆ. ಅದರ ಸಲಹಾ ಸಮಿತಿಯಲ್ಲಿ 15 ಜನ. ಅದರಲ್ಲಿ ನಮ್ಮ ಏಷ್ಯಾ-ಪೆಸಿಫಿಕ್ ಭಾಗದ ಒಕ್ಕೂಟ ಅಪ್ರಾಲೊ, ಅಲ್ಲಿ ನೀವು ಒಬ್ಬರೇ ಸದಸ್ಯರಾಗಬಹುದು. 2000ದಲ್ಲಿ ಜನರೇ ಆನ್‌ಲೈನ್ ಮತ ಹಾಕಿ ಐಕ್ಯಾನ್ ಮಂಡಳಿಗೆ ಐದು ನಿರ್ದೇಶಕರನ್ನು ಆರಿಸಿದ್ದರು. ಆಮೇಲೆ ಅದನ್ನು ಬಿಟ್ಟರು. ಈಗ ಆ ಮಂಡಳಿಯಲ್ಲಿ ಮತದ ಹಕ್ಕಿರುವ 16 ಕುರ್ಚಿಗಳಲ್ಲಿ ಬಳಕೆದಾರರ ಕಡೆಯಿಂದ ಒಂದೇ ಒಂದು. ಅದು ಸಾಲದು ಅನ್ನುವುದು ನನ್ನ ಅಭಿಪ್ರಾಯ. ಆದರೂ ಹೋಗಿ.

ಮೈಸೂರಕ್ಕ:
ಹೇಗೆ ಬರೆಯಬೇಕು ಅನ್ನುವುದಕ್ಕೆ ನಾನು ಕಂಡದ್ದು ಹೇಳುತ್ತೇನೆ. 2015ರ ಮಾರ್ಚಿನಲ್ಲಿ ದೇಶದ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್, ಇಂಟರ್ನೆಟ್ ಮೇಲೆ ನಡೆಯುವ ಆ್ಯಪ್‌ಗಳಿಗೆ ನಿಯಮ ಬೇಕಾ ಅಂತ ಜನರ ಅಭಿಪ್ರಾಯ ಕೇಳಿ ಒಂದು ಪ್ರಸ್ತಾಪ ಹಾಕಿತ್ತು. 118 ಪುಟ, 20 ಪ್ರಶ್ನೆ, ಎಲ್ಲ ಇಂಗ್ಲಿಷ್. ಸ್ವಯಂಸೇವಕರು ಅದನ್ನು ಸರಳ ಮಾಡಿ ಕೊಟ್ಟ ಮೇಲೆ ನಾನೂ ಈಮೇಲ್ ಕಳಿಸಿದೆ. ಆಗ ಹಾಸ್ಟೆಲಿನಲ್ಲಿದ್ದೆ. 10 ಲಕ್ಷಕ್ಕೂ ಜಾಸ್ತಿ ಈಮೇಲ್ ಹೋದವು. ಅದೇ ವರ್ಷ ಡಿಸೆಂಬರಿನಲ್ಲಿ ಟ್ರಾಯ್‌ನಿಂದ ಇನ್ನೊಂದು ಪ್ರಸ್ತಾಪ ಬಂತು: ಡೇಟಾಕ್ಕೆ ತಾಣಕ್ಕೊಂದು ದರ ಇಡಬಹುದಾ ಅಂತ. ಅದಕ್ಕೆ ಫೇಸ್‌ಬುಕ್ ಮೂಲಕ ಹೋದ, ಎಲ್ಲವೂ ಒಂದೇ ಥರದ ಅಚ್ಚು ಪತ್ರಗಳು ಕೇಳಿದ ಪ್ರಶ್ನೆಗೆ ಉತ್ತರವೇ ಅಲ್ಲ ಅಂತ ಟ್ರಾಯ್ ಹೇಳಿತು. 2016ರ ಫೆಬ್ರವರಿ 8ರಂದು ಅಂಥ ದರ ಬೇಡ ಅಂತ ಆದೇಶ ಬಂತು.

ಅದಕ್ಕೇ ಹೇಳುತ್ತಿದ್ದೇನೆ. ‘ಕನ್ನಡ ಉಳಿಸಿ’ ಅಂತ ಸುಮ್ನೆ ಬರೆಯಬೇಡಿ. ಯಾವ ಫಾರಂ, ಯಾವ ದಿನ, ಏನು ಹಾಕಿದಿರಿ, ಏನು ಬಂತು, ಅಷ್ಟನ್ನೂ ಬರೆಯಿರಿ.

ಸಾಗರದ ಅಂಗಡಿಯವ:
ಕೆಂಪು ಅಕ್ಷರದ ಸ್ಕ್ರೀನ್‌ಶಾಟ್ ತಾರೀಖಿನ ಸಮೇತ ಇಟ್ಟಿದ್ದೇನೆ. ಮೊದಲು ಆ ತಾಣದವರಿಗೆ, ಆಮೇಲೆ ಅಪ್ರಾಲೊಗೆ ಬರೆಯುತ್ತೇನೆ. ನನಗೆ ಬರುವುದು ಕನ್ನಡದಲ್ಲಿ. ಇಂಗ್ಲಿಷಿಗೆ ತಂದುಕೊಡಲು ಯಾರಾದರೂ ಒಂದು ಗಂಟೆ ಕೊಡುತ್ತೀರಾ?

ಮೈಸೂರಕ್ಕ:
ಕಳಿಸಿ. ಭಾನುವಾರ ಮಧ್ಯಾಹ್ನ ಕೂರುತ್ತೇನೆ. ಅಜ್ಜಿ ಬೋರ್ಡು ಓದಿದ್ದನ್ನೂ ಬರೆಯಿರಿ, ಅದನ್ನು ಬಿಡಬೇಡಿ.