ಸಹಾಯ ಬೇಕು: ಬಿಸಗೋಡಿನ ಮ್ಯಾಂಗನೀಸ್ ಗಣಿಯ ಹಳೇ ಫೋಟೋ, ನೆನಪುಗಳು

ಎಲ್ಲರಿಗೂ ನಮಸ್ಕಾರ. ಯಲ್ಲಾಪುರ ತಾಲೂಕಿನ ಬಿಸಗೋಡಿನಲ್ಲಿ ಮ್ಯಾಂಗನೀಸ್ ಗಣಿ ಇತ್ತಲ್ವಾ, ನಾನು ಬೆಳೆದದ್ದು ಅದರ ಹತ್ತಿರ. ಈಗ ಶಿರಸಿಯಲ್ಲಿದ್ದೇನೆ. ಅದಿರಿನ ಕಪ್ಪು ಧೂಳು ಅಪ್ಪನ ಉಗುರಿನ ಸಂದಿಯಲ್ಲಿ ಕೂತರೆ ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಅವರ ಅಂಗಿಯನ್ನು ಆಯಿ ಬೇರೆ ಬಕೆಟ್ಟಿನಲ್ಲೇ ನೆನೆಸುತ್ತಿದ್ದಳು. ಉಕ್ಕು ಮಾಡಲಿಕ್ಕೆ ಈ ಅದಿರು ಬೇಕೇ ಬೇಕು. ಆದರೆ ಅದನ್ನು ಒಡೆದು, ಆರಿಸಿ, ಬುಟ್ಟಿಯಲ್ಲಿ ಹೊತ್ತ ಹೆಂಗಸರ ಬಗ್ಗೆ ನನಗೆ ಒಂದು ಸಾಲೂ ಓದಲು ಸಿಕ್ಕಿಲ್ಲ. ಅದೇ ಜಾಸ್ತಿ ಬೇಸರ. ಹಾಗಾಗಿ ಅವರ ಮಾತುಗಳನ್ನು ಬರೆದಿಡುತ್ತಿದ್ದೇನೆ.

ನಿಮ್ಮ ಮನೆಯವರು ಯಾರಾದರೂ ಅಲ್ಲಿ ದುಡಿದಿದ್ದರೆ ದಯವಿಟ್ಟು ತಿಳಿಸಿ. ಸಂಬಳದ ಚೀಟಿ, ಫೋಟೋ ಏನಿದ್ದರೂ ಸರಿ, ಹರಿದಿದ್ದರೂ ಪರವಾಗಿಲ್ಲ. ಜೋಯಿಡಾ ಕಡೆಯ ಗಣಿಗಳವರೂ ಬರೆಯಿರಿ. ವಯಸ್ಸಾದವರಿದ್ದರೆ ನಾನೇ ಮನೆಗೆ ಬರುತ್ತೇನೆ. ಮೊಬೈಲಿನಲ್ಲಿ ಪ್ರತಿ ತೆಗೆದುಕೊಂಡು ಕಾಗದ ಅಲ್ಲೇ ವಾಪಸ್ ಕೊಡುತ್ತೇನೆ.