ಮಗು ಬೇಡ ಅಂದರೂ ವ್ಯಾಯಾಮ ಮಾಡಿಸಬೇಕಾ? ಗೊತ್ತಿದ್ದವರು ಹೇಳಿ

ಬದಿಯಡ್ಕದ ಅಮ್ಮ: ಮಗನಿಗೆ ಒಂಬತ್ತು ವರ್ಷ. ರಕ್ತದ ಕ್ಯಾನ್ಸರ್, ಈಗ ಮೇಂಟೆನೆನ್ಸ್, ಅಂದರೆ ರೋಗ ಮರುಕಳಿಸದ ಹಾಗೆ ಕೊಡುವ ಕೊನೆಯ ಹಂತದ ಚಿಕಿತ್ಸೆ. ವಿನ್‌ಕ್ರಿಸ್ಟಿನ್ ಎಂಬ ಕೀಮೋ ಮದ್ದಿನಿಂದ ಪಾದ ಜೋತು ಬಿದ್ದಿದೆ, ನಡೆಯುವಾಗ ಬೆರಳು ನೆಲಕ್ಕೆ ಉಜ್ಜುತ್ತದೆ. ಫಿಸಿಯೋ ಹೇಳಿದ್ದು ಮಾಡಿಸಲಿಕ್ಕೆ ಹೋದರೆ ದಿನಾ ಅಳು.

ಉಪ್ಪಳ: ಬಿಡ್ಲೇಬೇಡಿ. ಹಿಮ್ಮಡಿಯ ಹಿಂದೆ ಬಿಗಿದುಕೊಂಡರೆ ಆಮೇಲೆ ಪ್ಲಾಸ್ಟರ್ ಹಾಕಿ ಎಳೆಸಬೇಕಾಗ್ತದೆ. ಕಾಲು ಚಾಚಿ ಕೂರಿಸಿ, ಬೈರಾಸನ್ನು (ಟವೆಲ್) ಪಾದಕ್ಕೆ ಸುತ್ತಿ ಮೈಕಡೆ ಎಳೆಯುವುದು, 30 ಸೆಕೆಂಡು, ನಾಲ್ಕು ಸಲ, ಎರಡು ಹೊತ್ತು. ಮೊಣಕಾಲು ಬಗ್ಗಬಾರದು. ಬಗ್ಗಿದರೆ ಮೀನಖಂಡಕ್ಕೆ ಎಳೆತ ಸಿಗುವುದಿಲ್ಲ, ತಪ್ಪುವುದೆಲ್ಲ ಅಲ್ಲೇ. ರಾತ್ರಿಗೆ ಸ್ಪ್ಲಿಂಟ್, ಪಾದ ಜೋತು ಬೀಳದ ಹಾಗೆ ಹಿಡಿಯುವ ಅಚ್ಚು. ನಾವು ಮಾಡಿಸಿದ್ದು ಜೋಡಿಗೆ 5,200, ಎಂಟೇ ತಿಂಗಳಲ್ಲಿ ಪಾದ ಬೆಳೆದು ಪುನಃ ಹೊಸ ಅಚ್ಚು, ಪುನಃ 5,200. ಬಿಚ್ಚಿ 20 ನಿಮಿಷ ಕಳೆದರೂ ಕೆಂಪು ಮಾಯದಿದ್ದರೆ ಅಚ್ಚು ಸರಿಯಿಲ್ಲ ಅಂತಲೇ ಲೆಕ್ಕ.

ಮುಳ್ಳೇರಿಯ: ಅಣ್ಣಾ, ಹಿಡಿದು ಎಳೆದರೆ ಮಗು ಪಾದವನ್ನು ಕೆಳಗೊತ್ತಿ ಸೆಟೆಯುತ್ತದೆ. ನಿಮ್ಮ 30 ಸೆಕೆಂಡು ನೀರಿಗೆ ಹೋದ ಹಾಗೆ. ಬೈರಾಸಿನ ಎರಡೂ ತುದಿ ಅವನ ಕೈಗೇ ಕೊಡಿ, ನಿಲ್ಲಿಸು ಅಂದಾಗ ನಿಲ್ಲಿಸಿ. ಐದು ದಿನ ಸ್ಟೀರಾಯ್ಡ್ ಕೊಡುವ ವಾರ ತೊಡೆಗೆ ಬಲ ಇರುವುದಿಲ್ಲ, ಸಿಟ್ಟೂ ಜಾಸ್ತಿ. ಆ ವಾರದ 'ಬೇಡ'ವನ್ನು ಹಠ ಅನ್ನಬೇಡಿ. ಸೊಂಟ, ಮೊಣಕಾಲು ನೋವೆಂದರೆ ಕುಣಿತ, ಹಾರುವುದು ನಿಲ್ಲಿಸಿ ಎಂಆರ್‌ಐ ಕೇಳಿ. ಸ್ಟೀರಾಯ್ಡಿನಿಂದ ಮೂಳೆಯ ತುದಿಗೆ ರಕ್ತ ಸಾಲದೆ ಅದು ಕುಸಿಯುವುದುಂಟು, ಸುರುವಿಗೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ.

ಉಪ್ಪಳ: ಒಂಬತ್ತು ವರ್ಷದವನ ಮಾತು ಕೇಳಿ ಪಾದ ಸೊಟ್ಟ ಆದರೆ ಯಾರು ಹೊಣೆ, ನೀವಾ?

ಪೆರ್ಲ: ಮೊದಲು ರಕ್ತದ ರಿಪೋರ್ಟ್ ನೋಡಿ ಮಾರಾಯ್ರೆ. ಸಾಮಾನ್ಯ ಲೆಕ್ಕ: ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) 50,000ದ ಕೆಳಗೆ ಸೈಕಲ್, ಚೆಂಡಾಟ ಇಲ್ಲ. 20,000ದ ಕೆಳಗೆ ಡಾಕ್ಟರನ್ನು ಕೇಳದೆ ಏನೂ ಬೇಡ. ಜ್ವರ 38 ಡಿಗ್ರಿ ಮುಟ್ಟಿದರೆ ಸೀದಾ ಆಸ್ಪತ್ರೆ. ಆಟಿಯ ಮಳೆಗೆ ಅಂಗಳ ತುಂಬ ಪಾಚಿ, ಪಾದ ಎತ್ತಲಾಗದವನನ್ನು ಅಲ್ಲಿ ನಡೆಸಲೇಬಾರದು. ನ್ಯೂಟ್ರೋಫಿಲ್ (ಸೋಂಕು ತಡೆಯುವ ಬಿಳಿ ರಕ್ತಕಣ) 500ರ ಕೆಳಗಿದ್ದಾಗ ದನದ ಹಟ್ಟಿ, ಗೊಬ್ಬರಗುಂಡಿ, ಕೊಳೆತ ಅಡಿಕೆ ಸಿಪ್ಪೆಯ ಹತ್ತಿರವೂ ಬೇಡ. ಅಲ್ಲಿಯ ಬೂಷ್ಟು ಶ್ವಾಸಕೋಶಕ್ಕೆ ಇಳಿಯುತ್ತದೆ.

ಮಂಜೇಶ್ವರ, ಹೋಂ ಕೇರ್ ನರ್ಸ್: ಗುಣ ಆಗದ ಮಕ್ಕಳ ಮನೆಯವರೂ ಇದನ್ನು ಓದ್ತಾರೆ. ಅಲ್ಲಿ ಲೆಕ್ಕವೇ ಬೇರೆ. ನೋವಿನ ಮಾರ್ಫಿನ್ ಸಿರಪ್ ಕೊಟ್ಟು ಮುಕ್ಕಾಲು ಗಂಟೆ ಬಿಟ್ಟು, ಬಟ್ಟೆ ಬದಲಿಸುವಾಗಲೇ ಒಂದೊಂದು ಕೀಲನ್ನು ಐದು ಸಲ ಮೆಲ್ಲ ಮಡಚಿ ಬಿಡಿಸಿದರೆ ಸಾಕು. ಗಡ್ಡೆ ಮೂಳೆಗೆ ಹಬ್ಬಿದ್ದರೆ ಎಳೆಯಬೇಡಿ, ಮುರಿಯುತ್ತದೆ. ಹೊಸದಾಗಿ ಬೆನ್ನುನೋವು, ಕಾಲಿಗೆ ಬಲವಿಲ್ಲ, ಮೂತ್ರ ಕಟ್ಟಿದೆ ಅಂದರೆ ಅದೇ ದಿನ ಆಸ್ಪತ್ರೆ. ಮಗು ಜಗಲಿಯಲ್ಲಿ ಕೂತು ಮಳೆ ನೋಡ್ಬೇಕು ಅಂದರೆ, ಅಷ್ಟು ಹೊತ್ತು ಕೂರುವ ಬಲಕ್ಕೆ ಬೇಕಾದಷ್ಟೇ ಅದರ ವ್ಯಾಯಾಮ.

ಉಪ್ಪಳ: ಅವನು ಗುಣ ಆಗುವ ಹುಡುಗ! ಆ ತಾಯಿಗೆ ಪಾಲಿಯೇಟಿವ್ (ನೋವು, ಸಂಕಟ ಇಳಿಸುವ ಆರೈಕೆ) ಯಾಕೆ ಹೇಳ್ತೀರಿ?

ನರ್ಸ್: ಪಾಲಿಯೇಟಿವ್ ಅಂದರೆ ಸಾವು ಅಂತ ಯಾರು ಹೇಳಿದ್ದು? ಕೀಮೋ ನಡೆಯುವಾಗಲೇ ನೋವಿಗೆ ನಮ್ಮನ್ನು ಕರೆಯಬಹುದು. ಕೇರಳದಲ್ಲಿ 2008ರಿಂದ ಇದಕ್ಕೆ ನೀತಿಯೇ ಉಂಟು.

ಮುಳ್ಳೇರಿಯ: ನೀತಿ ಉಂಟು, ವ್ಯಾಯಾಮದ ಚೀಟಿ ಮಾತ್ರ ಮಲಯಾಳದಲ್ಲಿ. ನಮ್ಮ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಕಲಿತ ಅಮ್ಮಂದಿರು ಹೇಗೆ ಓದುವುದು?

ಪೆರ್ಲ: ಚಿತ್ರ ಇರ್ತದಲ್ಲ ಅಕ್ಕ.

ಮುಳ್ಳೇರಿಯ: ಜೆರಾಕ್ಸಿನ ಜೆರಾಕ್ಸ್ ಅದು. ಮೊಣಕಾಲು ನೆಟ್ಟಗಿದೆಯಾ ಬಗ್ಗಿದೆಯಾ ಅಂತ ನೀವೇ ನೋಡಿ ಹೇಳಿ.